ಕಾಟಪ್ಪ ಸತ್ತನೆಂದು ದಯವಿಟ್ಟು ತಿಳಿಸಿ

ಹಳೆಯ ಕಡತಗಳ ಮಾನ್ಯ ಪಾಲಕರೇ,

ಈ ಸಲದ ಮಹಾಲಯ ಅಮಾವಾಸ್ಯೆಯಂದು ನಾನು ಒಂದು ಕೊಲೆಗೆ ಯತ್ನಿಸಿದೆನೆಂದು ತಲೆತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಆಯುಧ: ಒಂದು ಬಾಳೆಲೆ, ಎರಡು ಹೋಳಿಗೆ. ಹಿರಿಯರಿಗೆ ಎಡೆ ಇಡುವಾಗ, ಬ್ರಿಟಿಷರ ಕಾಲದಲ್ಲಿ ಅಂಡಮಾನಿನ ಕರಿನೀರಿಗೆ ಹೋಗಿ ಮರಳದ ನಮ್ಮಜ್ಜಿಯ ಅಪ್ಪ ಕಾಟಪ್ಪನಿಗೂ ಒಂದು ಎಲೆ ಹಾಕಿಬಿಟ್ಟೆ. ಅಜ್ಜಿ ಯರ್ರಮ್ಮ ಅದನ್ನು ಎಳೆದುಕೊಂಡಳು.

"ಸತ್ತಾನೆ ಅಂತ ನಿನಗ್ಯಾರು ಹೇಳಿದ್ರಲೇ? ಬದುಕಿರೋರಿಗೆ ಎಡೆ ಇಡ್ತಾರಾ?"

"ಅಜ್ಜಿ, ಇದ್ದಿದ್ರೆ ನೂರಾಹತ್ತು ದಾಟಿರ್ತಿತ್ತು."

"ನಮ್ಮಪ್ಪ ಗಟ್ಟಿ ಆಳು. ನಮ್ಮವ್ವ ಸಾಯೋತನ್ಕ ಬಳೆ ತೆಗೀಲಿಲ್ಲ. ಸರ್ಕಾರದೋರು ಕರ್ಕಂಡು ಹೋದ್ರು, ಅವರೇ ಹೇಳ್ಬೇಕು."

ಈ ವಾದಕ್ಕೆ ನಿಮ್ಮಲ್ಲಿ ಉತ್ತರವಿದೆಯೇ? ತೊಟ್ಟಿಲಲ್ಲಿದ್ದಾಗ ಅಪ್ಪನನ್ನು ಕಳೆದುಕೊಂಡು, ಅಣ್ಣತಮ್ಮಂದಿರಿಲ್ಲದೆ ತವರಿನಲ್ಲೇ ಉಳಿದ ಅಜ್ಜಿಗೆ ಈಗ ಎಂಬತ್ತೇಳು. ಕಣ್ಣು ಮುಚ್ಚುವ ಮೊದಲು ಅಪ್ಪನಿಗೊಂದು ಎಡೆ ಇಡಬೇಕೆಂಬುದಷ್ಟೇ ಅವಳ ಆಸೆ. ಅದಕ್ಕೆ ಸಾವಿನ ಸುದ್ದಿ ಬೇಕು.

ಹುಡುಕಿ ಹೊರಟೆ. ಅಪರಾಧ ನಡೆದದ್ದು ಗಡಿಯಾಚೆ ರಾಯದುರ್ಗದ ಕಡೆ ಎಂದು ಒಂದು ಕಚೇರಿ ಕೈಕೊಡವಿತು. ರಾಯದುರ್ಗವೇ ಬೇರೆ ರಾಜ್ಯಕ್ಕೆ ಹೋಯಿತೆಂದು ಇನ್ನೊಂದು. ಆ ರಾಜ್ಯದವರು ನಿಮ್ಮ ವಿಳಾಸ ಕೊಟ್ಟರು. ಕಾಟಪ್ಪನನ್ನು ಬ್ರಿಟಿಷರು ಗಡಿಪಾರು ಮಾಡಿದ್ದು ಒಂದೇ ಸಲ. ನನ್ನನ್ನು ಸ್ವತಂತ್ರ ಭಾರತ ಮೂರು ಸಲ ಮಾಡಿತು. ಅವನದು ಕಾಲಾಪಾನಿ, ನನ್ನದು ಬಾಗಿಲಿಗೊಂದು ಚಾ-ಪಾನಿ.

ನೀವಾದರೂ ಏನೆಂದಿರಿ? "ರಾಜಕೀಯ ಕೈದಿಗಳಲ್ಲಿ ಈ ಹೆಸರಿಲ್ಲ." ಮತ್ತೆ ಕೇಳಿದರೆ ಮತ್ತದೇ. ಬಿಳಿಯರಿಗೆ ಎದೆಯೊಡ್ಡಿದ ವೀರನನ್ನು ಕಳೆದುಹಾಕಿದವರೆಂದು ಚಳ್ಳಕೆರೆ ಬಸ್ ಸ್ಟ್ಯಾಂಡಿನಿಂದ ನಮ್ಮೂರ ಶಾಲೆಯ ಧ್ವಜದ ಕಟ್ಟೆಯವರೆಗೆ ನಿಮ್ಮನ್ನು ಬೈದೆ. ಇತಿಹಾಸದ ಎಂ.ಎ. ಮಾಡಿದವನ ಬೈಗುಳ, ಇಸವಿ ಸಮೇತ ಇತ್ತು.

ಈಗ ನನ್ನ ಒತ್ತಾಯ: ಇನ್ನೊಮ್ಮೆ ಹುಡುಕಿ. ಸತ್ತ ದಿನ ಸಿಗದಿದ್ದರೆ ಬೇಡ. ಸತ್ತನೆಂಬ ಒಂದು ಸಾಲಿಗೆ ಮೊಹರು ಹಾಕಿ ಬರುವ ಮಹಾಲಯದೊಳಗೆ ಕಳಿಸಿ. ಆದರೆ ಬೇರೆ ಕಡತಗಳ ಕಟ್ಟು ಬಿಚ್ಚಬೇಕಾದೀತು. ಬಿಳಿಯರ ಮೇಲೆ ಅವನಿಗೆ ಅಷ್ಟು ಸಿಟ್ಟೇಕಿತ್ತೆಂದು ಹೋದ ವಾರ ಅಜ್ಜಿಯನ್ನು ಕೇಳಿದೆ. ಇಷ್ಟು ವರ್ಷ ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಅವನ ಮೇಲೆ ಮಾಡಿದ ಭಾಷಣಗಳಿಗೆ ಮುಂಚೆಯೇ ಕೇಳಬೇಕಿತ್ತು.

"ಯಾವ ಬಿಳಿಯರಲೇ? ನಮ್ಮಪ್ಪ ಬಿಳಿಯನ್ನ ಮೊದ್ಲು ನೋಡಿದ್ದೇ ಕೋರ್ಟ್‌ನಾಗಂತೆ. ಟಗರು ಕದಿಯಾಕೆ ಹೋಗಿ ಕಾವಲಿನೋನ್ನ ಹೊಡೆದಿದ್ದ. ಅವನು ಪಾಪ, ಉಳೀಲಿಲ್ಲ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀನು ಮೈಕ್‌ನಾಗೆ ಹೇಳೋದು ಕೇಳಾಕೆ ಚೆನ್ನಾಗಿತ್ತು."

ಕುರಿಗಳ್ಳರ ಕಟ್ಟಿನಲ್ಲಿ ನೋಡಿ, ಸ್ವಾಮಿ.

ಇಂತಿ,
ಭಾಷಣದಿಂದ ಸ್ವಯಂ ನಿವೃತ್ತನಾದ
ಮಾರುತೇಶ
ಬಿ.ಜಿ. ಕೆರೆ, ಮೊಳಕಾಲ್ಮೂರು ತಾಲ್ಲೂಕು