ತೊಟ್ಟಿಲಿನ ಮೂರನೆಯ ಬಣ್ಣ

ಕೋಕಂದ್,
ಏಪ್ರಿಲ್ ೧೭, ಬುಧವಾರ

ಪ್ರೀತಿಯ ಅಸಿಲನ ಅಪ್ಪನಿಗೆ,

ನಿಮ್ಮ ಮುಹಯ್ಯೋಳ ಸಲಾಮುಗಳು. ಹೇಗಿದ್ದೀರಿ? ಹೊಟ್ಟೆನೋವು ಕಡಿಮೆಯಾಯಿತೇ? ಹೋದ ಭಾನುವಾರ ಫೋನಿನಲ್ಲಿ ನಿಮ್ಮ ಮುಖ ಬಿಳಿಚಿಕೊಂಡ ಹಾಗೆ ಕಂಡಿತು. "ಇಲ್ಲಿ ಕ್ಯಾಂಟೀನಿನವನಿಗೆ ಎಲೆಕೋಸು ಬಿಟ್ಟು ಬೇರೆ ತರಕಾರಿ ಇದೆ ಅಂತಾನೇ ಗೊತ್ತಿಲ್ಲ, ಅದಕ್ಕೇ ಹೊಟ್ಟೆ ಹಿಂಡುತ್ತೆ" ಅಂದಿರಿ. ಚಹಾದ ಬಟ್ಟಲು ಎರಡು ಸಲ ಕೈಯಿಂದ ಜಾರಿ ಒಡೆದದ್ದನ್ನು ತಮಾಷೆ ಮಾಡಿ ಹೇಳಿದಿರಿ, ಅತ್ತೆ ನಕ್ಕರು, ನಾನೂ ನಕ್ಕೆ. ಸಮಾರಾದಲ್ಲಿ ಇನ್ನೂ ಚಳಿ ಇರಬೇಕು, ಒಳಗಿನ ಉಣ್ಣೆ ಅಂಗಿ ಬಿಡಬೇಡಿ. ಅತ್ತೆ ಆರೋಗ್ಯವಾಗಿದ್ದಾರೆ. ಅಂಗಳದ ಏಪ್ರಿಕಾಟ್ ಮರ ಹೂವುದುರಿಸಿ ಕಾಯಿ ಕಚ್ಚಿದೆ.

ಇಷ್ಟನ್ನು ಫೋನಿನಲ್ಲಿ ಹೇಳಬಹುದಿತ್ತಲ್ಲ, ಕಾಗದ ಯಾಕೆ ಅನ್ನುತ್ತೀರಿ. ಫೋನು ಬಂದ ಕೂಡಲೇ ಅತ್ತೆ ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಎದುರಿಗೆ ಕೂತುಬಿಡುತ್ತಾರೆ, ನಾನು ಅವರ ಭುಜದ ಹಿಂದಿನಿಂದ ಇಣುಕಬೇಕು. ಮೆಸೇಜು ಬರೆಯೋಣವೆಂದರೆ ನಿಮ್ಮ ಫೋನು ಕೋಣೆಯ ಆರು ಜನರ ಕೈಯಲ್ಲಿ ಓಡಾಡುತ್ತದೆ. ಪಕ್ಕದ ಮನೆಯ ಹೋಸಿಯತ್ ಅಕ್ಕನ ತಮ್ಮ ಯೋದ್ಗೋರ್ ನಾಳೆ ರೈಲು ಹತ್ತಿ ನಿಮ್ಮೂರಿಗೇ ಬರುತ್ತಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಒಬ್ಬರೇ ಇದ್ದಾಗ ಓದಿ, ಓದಿ ಒಲೆಗೆ ಹಾಕಿ. ನನಗೆ ತುಂಬ ಹೆದರಿಕೆಯಾಗಿದೆ. ಎಲ್ಲಿಂದ ಶುರುಮಾಡಬೇಕೋ ತಿಳಿಯುತ್ತಿಲ್ಲ, ಆದದ್ದು ಆದ ಹಾಗೆ ಬರೆಯುತ್ತೇನೆ.

ಚಳಿಗಾಲದಲ್ಲಿ ನಾನು ನೆಂಟರ ಕೋಣೆಯನ್ನು ಚೆಂದ ಮಾಡಲು ಹೊರಟದ್ದು ನಿಮಗೆ ಗೊತ್ತೇ ಇದೆ. ನೀವೇ ಹುರುಪು ಕೊಟ್ಟಿರಿ. ಕೊಟ್ಟಿಗೆಯ ಅಟ್ಟದಿಂದ ನಿಮ್ಮಜ್ಜಿಯ ತಗಡುಪಟ್ಟಿಯ ಪೆಟ್ಟಿಗೆ ಇಳಿಸಿ ತೊಳೆದೆ, ಗೋಡೆಯ ಗೂಡುಗಳಿಗೆ ಸುಣ್ಣ ಬಳಿದು ಹಿತ್ತಾಳೆ ಹೂಜಿ ಇಟ್ಟೆ, ತುಕ್ಕು ಹಿಡಿದ ಕಾಲಿನ ಗಿಡ್ಡ ಊಟದ ಮೇಜಿಗೆ ನೀಲಿ ಬಳಿದು ಅಂಚಿಗೆ ದಾಳಿಂಬೆ ಬಳ್ಳಿ ಬರೆದೆ. ಅತ್ತೆಗೆ ಮಾತ್ರ ಅವರ ಹೊಳೆಯುವ ಗಾಜಿನ ಬೀರು ಜಾಗ ಬಿಟ್ಟು ಕದಲಬಾರದು, ಅದರೊಳಗೆ ಯಾರೂ ಕುಡಿಯದ ಗ್ಲಾಸುಗಳು ಎಣ್ಣೆಗಣ್ಣಾಗಿ ಕಾಯುತ್ತಿರಬೇಕು. ಬಂದವರ ಮುಂದೆಲ್ಲ, "ನಾವು ಕೊಟ್ಟಿಗೆಗೆ ಎಸೆದದ್ದನ್ನ ಇವಳು ಹಜಾರಕ್ಕೆ ತರ್ತಾಳೆ ಕಣ್ರೀ. ಇನ್ನೊಂದು ದಿನ ನನ್ನನ್ನೂ ಉಜ್ಜಿ ಬಣ್ಣ ಬಳಿದು ಮೂಲೇಲಿ ಕೂರಿಸ್ತಾಳೆ" ಅಂತ ಹೇಳಿ ನಗಿಸುತ್ತಿದ್ದರು. ಒಳಗೊಳಗೆ ಅವರಿಗೂ ಹೆಮ್ಮೆಯೇ. ಓಣಿಯ ಹೆಂಗಸರು ಸಾಲಾಗಿ ಬಂದು ನೋಡಿ ಹೋದರು. ನಾನು ಉಬ್ಬಿಹೋದೆ, ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಅಟ್ಟದ ಮೂಲೆಯಲ್ಲಿ ನಿಮ್ಮ ತೊಟ್ಟಿಲು ಸಿಕ್ಕಿತು. ಅಸಿಲನನ್ನು ನನ್ನ ತವರಿನವರು ತಂದ ಹೊಸ ತೊಟ್ಟಿಲಿನಲ್ಲಿ ಮಲಗಿಸಿದ್ದರಿಂದ ಇದನ್ನು ಯಾರೂ ಕೆಳಗಿಳಿಸಿರಲೇ ಇಲ್ಲ. ನೀವು, ನಿಮ್ಮಣ್ಣಂದಿರು, ನಾದಿನಿ, ಏಳು ಮಕ್ಕಳು ಮಲಗಿ ಒಂದೂ ಮುಕ್ಕಾಗದೆ ಬೆಳೆದ ತೊಟ್ಟಿಲು. ಅದನ್ನು ಉಜ್ಜಿ ಹಳೆಯ ಚಿತ್ತಾರ ಹೊರಗೆ ತಂದು, ಹೊಲಿದ ರಜಾಯಿಗಳನ್ನು ಮಡಿಸಿಟ್ಟು, ಪೆಟ್ಟಿಗೆಯ ಪಕ್ಕ ಇಡೋಣ ಅಂದುಕೊಂಡೆ. "ತೊಟ್ಟಿಲು ಏನೇ, ಶೋಕೇಸಾ?" ಅಂತ ಅತ್ತೆ ಗದರಿದರು. ಆಮೇಲೆ ಮುಂದಿನ ಮಗುವಿಗಾದರೂ ಬರುತ್ತದೆ ಅಂತ ತಾವೇ ಸಮಾಧಾನ ಮಾಡಿಕೊಂಡರು. ಫೋನಿನಲ್ಲಿ ನಿಮಗೆ ತೋರಿಸಿದೆ. ಮೇಲೆ ನೀಲಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಕೆಂಪು. ನೋಡಿದ ಕೂಡಲೇ ಗುರುತು ಹಿಡಿದಿರಿ. "ಅದು ಸೂರಿಕ್ ಅನ್ನೋ ಹಳೇ ಕಾಲದ ಕೆಂಪು, ಗಟ್ಟಿ ಮಾಲು. ಇಲ್ಲಿನ ಹಳೇ ಕಿಟಕಿಗಳಿಗೆಲ್ಲ ಅದೇ ಇರೋದು. ಒಣಗಿದ್ದಾಗಲೇ ಉಪ್ಪುಕಾಗದ ಹಾಕಿ ಉಜ್ಜು, ನೀರು ಹಾಕಿದ್ರೆ ಮರ ಊದಿಕೊಳ್ಳುತ್ತೆ." ನೀವು ಹೇಳಿದ ಹಾಗೇ ಮಾಡಿದೆ. ಫೆಬ್ರುವರಿಯ ಚಳಿ, ಒಲೆ ಹೊತ್ತಿಸಿ ಬಾಗಿಲು ಕಿಟಕಿ ಎಲ್ಲ ಮುಚ್ಚಿಕೊಂಡು ಉಜ್ಜಿದೆ.

ಉಜ್ಜಿದರೆ ಬಾಗುಗಾಲಿನ ತೊಟ್ಟಿಲು ತೂಗದೆ ಇರುತ್ತದೆಯೇ? ಕಾಗದ ಒಮ್ಮೆ ಎಳೆದರೆ ಅದು ಒಮ್ಮೆ ತೂಗುತ್ತದೆ. ಅತ್ತೆ ಚಹಾ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. "ಏ ಹುಡುಗಿ, ಖಾಲಿ ತೊಟ್ಟಿಲು ತೂಗ್ತಿದ್ದೀಯಲ್ಲ, ನಿನಗೇನು ಬುದ್ಧಿಗಿದ್ಧಿ ಇದೆಯಾ? ಮನೇಲಿ ಮಗು ಇದೆ. ಕೂರಿಸು ಅವನನ್ನ ಅದರಲ್ಲಿ." ನನ್ನ ತಾಯಿಯಾಗಿದ್ದರೂ ಅದನ್ನೇ ಹೇಳುತ್ತಿದ್ದಳು. ಖಾಲಿ ತೊಟ್ಟಿಲು ತೂಗಿದರೆ ಮನೆಯ ಮಗುವಿಗೆ ಕೇಡು ಅನ್ನುವುದನ್ನು ನಾವು ಯಾರೂ ಪರೀಕ್ಷೆ ಮಾಡಿ ನೋಡಿದವರಲ್ಲ, ನೋಡಲು ಧೈರ್ಯ ಇರುವವರೂ ಅಲ್ಲ. ಒಂದು ರೊಟ್ಟಿ ಇಟ್ಟಿದ್ದರೂ ಸಾಕಿತ್ತು, ಕೆಲವರು ಹಾಗೂ ಮಾಡುತ್ತಾರೆ. ನಮಗೆ ಹೊಳೆಯಲಿಲ್ಲ. ಅಸಿಲನನ್ನು ಎತ್ತಿ ಒಳಗೆ ಕೂರಿಸಿದೆವು. ಮೂರು ವಾರ, ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಮಧ್ಯಾಹ್ನದವರೆಗೆ ಅವನು ಒಳಗೆ, ನಾನು ಹೊರಗೆ. ಅವನಿಗೆ ದವಡೆಹಲ್ಲು ಬರುತ್ತಿದ್ದ ಕಾಲ. ಮೇಲಿನ ಅಡ್ಡಪಟ್ಟಿ ಹಿಡಿದು ನಿಂತು, ಅದನ್ನೇ ಕಡಿಯುತ್ತ, ನಾನು ಉಜ್ಜಿದಾಗೆಲ್ಲ ತೂಗಿ ತೂಗಿ ಕೇಕೆ ಹಾಕುತ್ತಿದ್ದ. ನಾನು ಫೋಟೋ ತೆಗೆದು ಕಳಿಸಿದೆ. ಅದನ್ನು ನೀವು ಫೋನಿನ ಮುಖಕ್ಕೆ ಹಾಕಿಕೊಂಡಿದ್ದೀರಿ.

ನೌರೋಜ್ ಹಬ್ಬದ ಹೊತ್ತಿಗೆ ಮಗು ಬದಲಾಯಿತು. ಹೊಟ್ಟೆ ಹಿಡಿದುಕೊಂಡು ಅಳುವುದು, ನಾಲ್ಕು ದಿನವಾದರೂ ಹೊರಕಡೆಗೆ ಹೋಗದಿರುವುದು, ಎತ್ತಿಕೊಂಡರೂ ಸಿಟ್ಟು, ಇಳಿಸಿದರೂ ಸಿಟ್ಟು. ಅತ್ತೆ ದೃಷ್ಟಿ ತೆಗೆದರು, ಇಸಿರಿಕ್ ಸೊಪ್ಪಿನ ಹೊಗೆ ಹಾಕಿದರು. "ಕೋಣೆ ನೋಡೋಕೆ ಬಂದೋರ ಕಣ್ಣು ಕೋಣೆ ಮೇಲೆ ಬೀಳಲಿಲ್ಲ, ಮಗು ಮೇಲೆ ಬಿತ್ತು" ಅಂತ ಹೋಸಿಯತ್ ಅಕ್ಕನನ್ನೂ ಸೇರಿಸಿ ಎಲ್ಲರನ್ನೂ ಬೈದರು. ನಾನೂ ಹಲ್ಲು ಬರುವ ಕಾಟ ಅಂದುಕೊಂಡೆ. ಆಮೇಲೆ ಅವನ ಮಾತು ಹೋಯಿತು. ಹತ್ತು ಹನ್ನೆರಡು ಮಾತು ಆಡುತ್ತಿದ್ದವನು, ನಿಮಗೇ ಗೊತ್ತು. ಒಂದೊಂದೇ ಕಳಚಿಕೊಂಡು ಹೋಯಿತು. ಭಾನುವಾರ ನಿಮ್ಮ ಮುಖ ಕಂಡಾಗ ಅಪ್ಪ ಅನ್ನಲಿಲ್ಲವಲ್ಲ, "ಮುನಿಸು ಮಾಡ್ಕೊಂಡಿದ್ದಾನೆ ಮಗ, ಬಂದು ಸರಿಮಾಡ್ತೀನಿ" ಅಂದಿರಿ. ಮುನಿಸಲ್ಲ. ಆ ಮಾತು ಅವನ ಹತ್ತಿರ ಈಗ ಇಲ್ಲ.

ಲಸಿಕೆ ಹಾಕಿಸಬೇಕು ಅಂತ ಅತ್ತೆಗೆ ಹೇಳಿ ಮಗುವನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದವರು, ಮಾತು ಕಡಿಮೆ. ಮಗುವಿನ ಹೊಟ್ಟೆ ಒತ್ತಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಮನೆಯಲ್ಲಿ ಏನಾದರೂ ಹೊಸದಾಗಿ ಕೆಲಸ ಮಾಡಿಸಿದಿರಾ ಅಂದರು. ನನಗೆ ಅಂಥ ಹೊತ್ತಿನಲ್ಲೂ ಹೆಮ್ಮೆ ನೋಡಿ, ಫೋನು ತೆಗೆದು ಕೋಣೆಯ ಫೋಟೋಗಳನ್ನು ತೋರಿಸುತ್ತ ಹೋದೆ. ತೊಟ್ಟಿಲಿನ ಫೋಟೋ ಬಂದಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಎರಡು ಬೆರಳಲ್ಲಿ ಅದನ್ನು ದೊಡ್ಡದು ಮಾಡಿದರು. "ತುಟಿ ಮೇಲೆ ಕೆಂಪಗಿದೆಯಲ್ಲ, ಏನಮ್ಮ ಅದು?" ಚೆರ್ರಿ ಮುರಬ್ಬ ಅಂದೆ. ಅಂದ ಮೇಲೆ ನೆನಪಾಯಿತು, ಆ ದಿನ ಮನೆಯಲ್ಲಿ ಮುರಬ್ಬ ಇರಲಿಲ್ಲ. ಆ ಫೋಟೋವನ್ನು ನಿಮ್ಮ ಫೋನಿನಿಂದ ತೆಗೆದುಬಿಡಿ, ಕೈಮುಗಿಯುತ್ತೇನೆ.

ಆ ಕೆಂಪಿನಲ್ಲಿ ಸೀಸ ಇರುತ್ತದಂತೆ. ಗೋಡೆಗೋ ಮರಕ್ಕೋ ಅಂಟಿಕೊಂಡಿರುವವರೆಗೆ ಸುಮ್ಮನಿರುತ್ತದೆ, ಉಜ್ಜಿ ಪುಡಿಮಾಡಿದರೆ ಬಾಯಲ್ಲಿ ಮೂಗಲ್ಲಿ ಹೋಗಿ ರಕ್ತ ಸೇರುತ್ತದೆ, ಮಕ್ಕಳಲ್ಲಿ ತಲೆಗೇ ಹೋಗುತ್ತದೆ. ರಕ್ತ ತೆಗೆದು ತಾಷ್ಕೆಂಟಿಗೆ ಕಳಿಸಿದರು. ಮೊನ್ನೆ ಉತ್ತರ ಬಂತು. ಐದರ ಒಳಗಿರಬೇಕಾದದ್ದು ಮೂವತ್ತೆಂಟಿದೆ. ನಲವತ್ತೈದು ದಾಟಿದರೆ ದೊಡ್ಡಾಸ್ಪತ್ರೆಯಲ್ಲಿ ಮಲಗಿಸಿ ಔಷಧಿ ಕೊಡಬೇಕಂತೆ. ಈಗ ಹಾಲು, ಮೊಸರು, ಮಾಂಸದ ಸಾರು ಕೊಡಬೇಕು, ಪೊರಕೆ ಮುಟ್ಟದೆ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಮೇ ಹತ್ತಕ್ಕೆ ಮತ್ತೆ ರಕ್ತ ಕೊಡಬೇಕು. ಹೋದ ಮಾತು ತಿರುಗಿ ಬರುತ್ತದೆಯೇ ಅಂತ ಕೇಳಿದೆ. "ಬರಬಹುದು" ಅಂದರು. ಬರುತ್ತೆ ಅನ್ನಲಿಲ್ಲ.

ಮೂರು ದಿನದಿಂದ ಒರೆಸುತ್ತಲೇ ಇದ್ದೇನೆ. ರಜಾಯಿ, ಜಮಖಾನೆ ಎಲ್ಲ ಅಂಗಳಕ್ಕೆ ಹಾಕಿ ಒಗೆದೆ. ಹೂಜಿ ತೊಳೆದೆ, ಗೂಡು ತೊಳೆದೆ, ದಾಳಿಂಬೆ ಬಳ್ಳಿಯನ್ನು ನೋಡಲೂ ಭಯ. ಒರೆಸಿದ ಬಟ್ಟೆ ಹಿಂಡಿದರೆ ನೀರು ಈಗಲೂ ನಸುಗೆಂಪು. ತೊಟ್ಟಿಲನ್ನು ಒದ್ದೆ ಚಾದರದಲ್ಲಿ ಸುತ್ತಿ ಕೊಟ್ಟಿಗೆಗೆ ಹಾಕಿ ಬೀಗ ಜಡಿದಿದ್ದೇನೆ. ಮಗುವಿಗೆ ರಕ್ತ ಕಡಿಮೆ ಅಂತ ಅಷ್ಟೇ ಅತ್ತೆಗೆ ಹೇಳಿದ್ದೇನೆ. ನಿಜ ಹೇಳುವುದು ಹೇಗೆ? ಉಜ್ಜು ಅಂದವರು ನೀವು, ಕೂರಿಸು ಅಂದವರು ಅವರು, ಆದರೆ ಎತ್ತಿ ಕೂರಿಸಿದ ಕೈ ನನ್ನದು. ಅವರಿಗೆ ತಿಳಿದರೆ ಎದೆ ಒಡೆದುಕೊಳ್ಳುತ್ತಾರೆ, ಮೊಮ್ಮಗನೆಂದರೆ ಜೀವ. ನೀವೂ ಹೇಳಬೇಡಿ. ನನ್ನನ್ನು ಬೈಯುವುದಿದ್ದರೆ ಕಾಗದದಲ್ಲಿ ಬೈಯಿರಿ, ಆದರೆ ಓಡಿ ಬರಬೇಡಿ. ನೀವು ಬಂದು ಮಾಡುವುದೇನೂ ಇಲ್ಲ, ಬಟ್ಟೆ ಹಿಂಡುವ ಕೆಲಸ ನನಗೊಬ್ಬಳಿಗೇ ಸಾಕು. ಮೇ ಹತ್ತಕ್ಕೆ ದುವಾ ಮಾಡಿ.

ಅತ್ತೆ ನಿಮಗೆ ಒಣದ್ರಾಕ್ಷಿ, ವಾಲ್‌ನಟ್ ಕಟ್ಟಿಕೊಟ್ಟಿದ್ದಾರೆ, ಅವರ ಹರಕೆ ಹಾರೈಕೆಯೂ ಆ ಗಂಟಿನಲ್ಲೇ ಇದೆಯಂತೆ. ಅಲ್ಲಾ ನಿಮ್ಮನ್ನು ಕಣ್ಣರೆಪ್ಪೆಯ ಹಾಗೆ ಕಾಯಲಿ.

ನಿಮ್ಮ
ಮುಹಯ್ಯೋ

ವಿ.ಸೂ.: ಇದು ಗುರುವಾರ ಬರೆಯುತ್ತಿರುವುದು. ಯೋದ್ಗೋರ್ ಗೇಟಿನಲ್ಲಿ ಕಾರು ನಿಲ್ಲಿಸಿಕೊಂಡು ಹಾರನ್ ಹೊಡೆಯುತ್ತಿದ್ದಾನೆ. ಮೇಲೆ ಓಡಿ ಬರಬೇಡಿ ಅಂತ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಿ. ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಒಣಗಿದ್ದಾಗ ಉಜ್ಜು ಅಂತ ನಿನಗೆ ಯಾರು ಹೇಳಿಕೊಟ್ಟರು ಅಂದರು. ನಮ್ಮ ಯಜಮಾನರು, ಅವರ ಕೆಲಸವೇ ಅದು, ಎರಡು ವರ್ಷದಿಂದ ಸಮಾರಾದಲ್ಲಿ ಹಳೇ ಮನೆಗಳ ಕಿಟಕಿ ಬಾಗಿಲಿಗೆ ಬೆಂಕಿ ಹಿಡಿದು ಬಣ್ಣ ಕೆರೆಯುತ್ತಾರೆ ಅಂದೆ. ಅವರು ಪೆನ್ನು ಕೆಳಗಿಟ್ಟರು. "ಅವರಿಗೆ ಹೊಟ್ಟೆನೋವು ಇದೆಯಾ? ಕೈಯಿಂದ ಸಾಮಾನು ಜಾರುತ್ತಾ?" ಅಂತ ಕೇಳಿದರು. ನಾನೇನೂ ಹೇಳಿರಲಿಲ್ಲ, ಅವರೇ ಕೇಳಿದರು. ಎಲೆಕೋಸಲ್ಲ ಅದು. ಈ ಕಾಗದ ಓದಿದ ದಿನವೇ ಆ ಕೆಲಸ ಬಿಡಿ, ಮೇಸ್ತ್ರಿ ಏನಾದರೂ ಅಂದುಕೊಳ್ಳಲಿ. ಯೋದ್ಗೋರನಿಗೆ ರಷ್ಯನ್ ಚೆನ್ನಾಗಿ ಬರುತ್ತದೆ, ಅವನನ್ನು ಕರೆದುಕೊಂಡು ಹೋಗಿ ಸೀಸಕ್ಕೆ ಅಂತಲೇ ಹೇಳಿ ರಕ್ತ ಕೊಡಿ, ಆಮೇಲೆ ಮನೆಗೆ ಬನ್ನಿ. ಭಾನುವಾರ ಫೋನಿನಲ್ಲಿ ಇದರ ಮಾತೆತ್ತಬೇಡಿ. ಸೀಸ ನರಕ್ಕೆ ಹೋದವರ ಮಣಿಕಟ್ಟು ಮೇಲೇಳುವುದಿಲ್ಲವಂತೆ, ಡಾಕ್ಟರಮ್ಮ ಹೇಳಿದರು. ಬಲಗೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಮಣಿಕಟ್ಟಿನಿಂದ ಕೈಯನ್ನು ಮೇಲಕ್ಕೆ ಎತ್ತಿ. ಎದ್ದರೂ ಎತ್ತಿ, ಏಳದಿದ್ದರೂ ನನಗೆ ಕಾಣುವ ಹಾಗೆ ಹಿಡಿಯಿರಿ. ಮಗ ಕೈ ಬೀಸುತ್ತಿದ್ದಾನೆ ಅಂದುಕೊಂಡು ಅತ್ತೆ ತಾವೂ ಕೈ ಬೀಸುತ್ತಾರೆ. ನಾನು ಅವರ ಭುಜದ ಹಿಂದೆ ನಿಂತು ನೋಡುತ್ತಿರುತ್ತೇನೆ.