ಕಡ್ಲಿಗೇರಿಯ ಹಿತ್ತಲಲ್ಲಿ ಸಿಕ್ಕ ಕಡಗ

ಮೇಲೂರು,
ಇನ್ನೂರ ಹದಿನೆಂಟನೆಯ ಬಯಲು, ಮೂವತ್ತೊಂಬತ್ತನೆಯ ದಿನ, ನೆರಳುಹೊತ್ತು.
ನಿಮ್ಮ ಲೆಕ್ಕದಲ್ಲಿ ಕ್ರಿಸ್ತಶಕ ಎರಡು ಸಾವಿರದ ಇನ್ನೂರ ಇಪ್ಪತ್ತು ಇರಬಹುದು.

ಕಡ್ಲಿಗೇರಿಯ ಕೊನೆಯ ಓಣಿಯ ಕೊನೆಯ ಮನೆಯ ತಾಯಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಇದನ್ನು ಓದುವಾಗ ನಾನು ಹುಟ್ಟುವುದಕ್ಕೆ ಇನ್ನೂ ನೂರ ಎಪ್ಪತ್ತು ವರ್ಷ ಬಾಕಿ ಇರುತ್ತದೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಮೂರು ವರ್ಷ ಓದಿದ್ದೇನೆ. ಆದರೂ ಪರೀಕ್ಷೆಗೆ ಓದಿದ ಭಾಷೆಯಲ್ಲಿ ಕ್ಷಮೆ ಕೇಳುವುದು ಕಷ್ಟದ ಕೆಲಸ. ಮಾತು ಅಲ್ಲಲ್ಲಿ ತಡವರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಷ್ಟು ಹಿಂದಕ್ಕೆ ಕಾಗದ ಹೇಗೆ ಬರುತ್ತದೆ ಎಂದು ಕೇಳಬೇಡಿ. ನಿಮ್ಮ ಬೆಳ್ಳಿ ಅಷ್ಟು ವರ್ಷ ದಾಟಿ ನನ್ನ ಕೈಗೆ ಬಂತಲ್ಲ, ಅದೇ ದಾರಿಯಲ್ಲಿ ಇದೂ ಬರಲಿ ಎಂದುಕೊಂಡು ಬರೆಯುತ್ತಿದ್ದೇನೆ.

ನಮ್ಮ ದಿನಗಳ ಬಗ್ಗೆ ಮೊದಲು ಸ್ವಲ್ಪ ಹೇಳುತ್ತೇನೆ. ನೆರಳುಹೊತ್ತು ಅಂದರೆ ಮುಂಜಾನೆ ಹತ್ತರಿಂದ ಸಂಜೆ ಐದರವರೆಗಿನ ಸಮಯ. ಆಗ ಹೊರಗೆ ಕಾಲಿಟ್ಟರೆ ಅಂಗಾಲಿಗೆ ಬೊಬ್ಬೆ ಬರುತ್ತದೆ. ಊರಿಗೆ ಊರೇ ದಪ್ಪ ಗೋಡೆಗಳ ಒಳಗೆ ಕಿಟಕಿ ಮುಚ್ಚಿ ಮಲಗುತ್ತದೆ. ನಾನೊಬ್ಬಳು ಮಲಗುವುದಿಲ್ಲ. ಮಗಳ ಹೊಟ್ಟೆ ಏರಿಳಿಯುವುದನ್ನು ನೋಡುತ್ತ ಕೂತಿರುತ್ತೇನೆ. ಬಯಲು ಅಂದರೆ, ಅಣೆಕಟ್ಟಿನ ಹಿನ್ನೀರು ಇಳಿದು ಕೆಳಗಿನ ನೆಲ ಕಾಣುವ ನಲವತ್ತು ದಿನ. ನಮ್ಮ ವರ್ಷ ಶುರುವಾಗುವುದೇ ಅಲ್ಲಿಂದ. ನೀರು ಇಳಿದ ಮೇಲೆ ನಿಮ್ಮ ಊರುಗಳು ಒಂದೊಂದಾಗಿ ಮೇಲೆ ಬರುತ್ತವೆ: ಮೊದಲು ಗುಡಿಯ ಕಟ್ಟೆ, ಆಮೇಲೆ ಮೊಣಕಾಲೆತ್ತರದ ಗೋಡೆಗಳು, ಕೊನೆಗೆ ನೆಲದೊಳಗೆ ಕಾಳು ತುಂಬಿಡುತ್ತಿದ್ದ ಹಗೇವಿನ ಬಾಯಿ. ಬಾಗಿಲು, ತೊಲೆ, ಜಂತಿ ಎಲ್ಲವನ್ನೂ ನೀವು ಬಿಚ್ಚಿ ಹೊಸ ಊರಿಗೆ ಸಾಗಿಸಿದಿರಂತೆ. ದೇವರನ್ನೂ ಒಯ್ದಿರಂತೆ.

ನಾವು ಮೂವರು ಗೆಳೆಯರು ಬಯಲಿನ ದಿನಗಳಲ್ಲಿ ನಸುಕಿಗೇ ದನಿಗೋಲು ಹಿಡಿದು ಕೆಳಗಿಳಿಯುತ್ತೇವೆ. ದನಿಗೋಲು ಅಂದರೆ ನೆಲದೊಳಗಿನ ಲೋಹವನ್ನು ಕೇಳಿಸಿಕೊಂಡು ಕಿವಿಗೆ ಹೇಳುವ ಕೋಲು. ಬೆಳ್ಳಿಗೆ ತೆಳ್ಳನೆಯ ಎಳೆದ ದನಿ, ತಾಮ್ರಕ್ಕೆ ದುಂಡನೆಯ ದನಿ, ಕಬ್ಬಿಣಕ್ಕೆ ಒಣ ಕೆಮ್ಮು. ಕೋಲುಗಳನ್ನು ರಿಪೇರಿ ಮಾಡುವವಳು ಮಾಬೂಬಿ, ನನ್ನ ಜೊತೆ ಕಾಲೇಜಿನಲ್ಲಿದ್ದವಳು. ಮೂರನೆಯವನು ಫಕೀರಪ್ಪಣ್ಣ. ಅರವತ್ತು ದಾಟಿದ್ದಾನೆ. ಸಿಕ್ಕ ವಸ್ತುಗಳನ್ನೆಲ್ಲ ಇಡುವ ಊರ ಕಪಾಟಿನ ಕೀಲಿಕೈ ಅವನ ಸೊಂಟದಲ್ಲಿರುತ್ತದೆ. ಬೀಗದ ಕೈ, ಗಂಟೆ, ಸೈಕಲ್ಲಿನ ಬೆಲ್ಲು, ಒಮ್ಮೆ ಒಂದು ಹಿತ್ತಾಳೆಯ ಪಾವು, ಎಲ್ಲ ಅಲ್ಲಿವೆ. ನಿಮ್ಮ ಮನೆಗಳ ಮುಂದೆ ನಾವು ಸುಮ್ಮನೆ ನುಗ್ಗುವುದಿಲ್ಲ. ಬಾಗಿಲಿದ್ದ ಜಾಗದಲ್ಲಿ ನಿಂತು, "ಮನ್ಯಾಗ ಯಾರದೀರಿ?" ಎಂದು ಮೂರು ಸಲ ಕರೆಯುತ್ತೇವೆ. ಬೀಗರ ಮನೆಗೆ ಹೋದಂತೆ ಸ್ವಲ್ಪ ಹೊತ್ತು ಕಾಯುತ್ತೇವೆ. ಆಮೇಲೆಯೇ ಕೋಲು ಆಡಿಸುವುದು.

"ಯಾರರ ಓ ಅಂದ್ರ ಏನ್ ಮಾಡ್ತಿ?" ಎಂದು ಮಾಬೂಬಿ ಪ್ರತಿ ವರ್ಷ ಕೇಳುತ್ತಾಳೆ.

"ಚಾ ಮಾಡ್ರಿ ಅಂತೀನಿ" ಎನ್ನುತ್ತಾನೆ ಫಕೀರಪ್ಪಣ್ಣ.

ಈ ಸಲದ ಆರನೆಯ ದಿನ ನಿಮ್ಮ ಮನೆಗೆ ಬಂದೆವು. ನನ್ನ ಗಂಡ ಗಾಳಿಗಂಬಗಳ ಕೆಲಸಕ್ಕೆ ಮೇಲ್ದಂಡೆಗೆ ಹೋದವನು ತಿಂಗಳಿಗೊಮ್ಮೆ ಬರುತ್ತಾನೆ. ಮಗಳಿಗೆ ಆಗ ಒಂಬತ್ತು ತಿಂಗಳು. ಮೊಲೆ ಬಿಟ್ಟಿರದ ಕಾರಣ ಅವಳನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿದ್ದೆ. ಮಾಬೂಬಿ, ಫಕೀರಪ್ಪಣ್ಣ ಮುಂದೆ ನಿಂತು ಕರೆಯುತ್ತಿದ್ದಾಗ ಮಗಳು ಹಸಿದು ಅಳತೊಡಗಿದಳು. ಬಿಸಿಲು ಏರುತ್ತಿತ್ತು. ನೆರಳಿಗೆಂದು ಹಿಂದಕ್ಕೆ ಹೋದೆ. ಅಲ್ಲಿ ನಿಮ್ಮ ಹಿತ್ತಲ ಗೋಡೆ ಆಳೆತ್ತರ ಉಳಿದಿತ್ತು. ಅದಕ್ಕೆ ಒರಗಿ, ಕೋಲನ್ನು ಪಕ್ಕದಲ್ಲಿ ಮಲಗಿಸಿ, ಮಗಳನ್ನು ಎದೆಗೆ ಹಚ್ಚಿಕೊಂಡೆ. ಅವಳು ಒಂದೆರಡು ಗುಟುಕು ಕುಡಿದಿರಬಹುದು. ಮಲಗಿಸಿದ್ದ ಕೋಲು ತಾನಾಗಿಯೇ ತೆಳ್ಳಗೆ ಹಾಡತೊಡಗಿತು.

ಅಲ್ಲಿ ನಾನು ಯಾರನ್ನೂ ಕರೆಯಲಿಲ್ಲ. ಹಿತ್ತಲಿನಿಂದ ಯಾರೂ ಯಾರ ಮನೆಗೂ ಹೋಗುವುದಿಲ್ಲವಾದ್ದರಿಂದ ನಮ್ಮಲ್ಲಿ ಅಲ್ಲಿ ಕರೆಯುವ ಪದ್ಧತಿಯೇ ಇಲ್ಲ. ಒಂದು ಕೈಯಲ್ಲಿ ಮಗಳನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಸಣ್ಣ ಸಲಿಕೆಯಿಂದ ಅಗೆದೆ. ಮೊಣಕೈ ಆಳಕ್ಕೆ ಮಣ್ಣಿನ ಬಣ್ಣ ಬದಲಾಯಿತು, ಕಪ್ಪು ಮೆದು ಮಣ್ಣು. ಮತ್ತೇನೂ ಇರಲಿಲ್ಲ. ಅದರ ನಡುವೆ ಕೂಸಿನ ಬೆಳ್ಳಿ ಕಡಗ. ಎರಡು ತುದಿಗಳನ್ನು ಒಂದರ ಮೇಲೊಂದು ಒತ್ತಿ, ತೆಳು ತಾಮ್ರದ ತಂತಿಯಿಂದ ಬಿಗಿದಿದ್ದರು.

ನಮ್ಮಲ್ಲೊಂದು ಮಾತಿದೆ: ಹಳೇ ಊರಿನ ಬೆಳ್ಳಿ ತೊಟ್ಟ ಕೂಸಿಗೆ ನೀರಿನ ಗಂಡಾಂತರವಿಲ್ಲ. ಮನೆ ಕಟ್ಟುವಾಗ ಒಳ್ಳೆಯದಾಗಲೆಂದು ನೀವು ಬುನಾದಿಯಲ್ಲಿ ಬೆಳ್ಳಿ, ನಾಣ್ಯ ಇಡುತ್ತಿದ್ದಿರಲ್ಲ, ಇದೂ ಅಂಥದೇ ಎಂದು ತಿಳಿದೆ. ಫಕೀರಪ್ಪಣ್ಣ ಕಪಾಟಿಗೆ ಕೇಳಲಿಲ್ಲ. "ಹಾಕವಾ ತಂಗಿ, ಕೂಸಿನ ಕೈಗೇ ಚೆಂದ" ಅಂದ. ಮನೆಗೆ ಬಂದು ಚಮಚೆಯ ಹಿಡಿಯಿಂದ ತಂತಿಯನ್ನು ಮೀಟಿ ತೆಗೆದೆ. ತುದಿಗಳನ್ನು ಅಗಲಿಸಿದೆ. ಮಗಳ ಬಲಗೈಗೆ ತೊಡಿಸಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅವತ್ತು ಅದನ್ನು ನೋಡಿ ತುಂಬ ಖುಷಿಪಟ್ಟೆ.

ಆಮೇಲಿನ ದಿನಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಮಗಳಿಗೆ ಜ್ವರ ಬರಲಿಲ್ಲ, ಅವಳು ಎಲ್ಲೂ ಬೀಳಲಿಲ್ಲ. ಆದರೆ ನೆರಳುಹೊತ್ತಿನಲ್ಲಿ ಎಲ್ಲರೂ ಮಲಗಿರುವಾಗ ಅವಳು ಸದ್ದಿಲ್ಲದೆ ಏಳುತ್ತಿದ್ದಳು. ಅಂಬೆಗಾಲಿಟ್ಟು ಹಿತ್ತಲ ಬಾಗಿಲವರೆಗೆ ಹೋಗಿ ಅದರ ಮುಂದೆ ಕೂರುತ್ತಿದ್ದಳು. ಮುಚ್ಚಿದ ಬಾಗಿಲ ಸಂದಿಯತ್ತ ನೋಡಿ ನಗುತ್ತಿದ್ದಳು. ಎದುರಿಗೆ ಇನ್ನೊಂದು ಕೂಸು ಕೂತಾಗ ಕೂಸುಗಳು ನಗುತ್ತವಲ್ಲ, ಆ ನಗು. ಬಲಗೈ ಮುಂದೆ ಚಾಚಿ, ಕೊಡುವಂತೆ ಮಾಡಿ, ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಅತ್ತೆಗೆ ಹೇಳಿದರೆ, "ಕೂಸುಗೋಳು ಹಂಗ ನಗತಾವ ಬಿಡವಾ, ನಿನಗ ನಿದ್ದಿಲ್ಲ ಅದಕ" ಅಂದರು. ನನಗೆ ನಿದ್ದೆ ಇಲ್ಲದ್ದು ನಿಜ. ಇವಳು ಹುಟ್ಟಿದ ದಿನದಿಂದಲೂ ನಾನು ಹೀಗೆಯೇ, ಕೂಸು ಕೆಮ್ಮಿದರೂ ಏಳುವವಳು, ಕೆಮ್ಮದಿದ್ದರೂ ಏಳುವವಳು.

ಮೂರು ದಿನದ ಹಿಂದೆ ಅತ್ತೆ ಮಗಳಿಗೆ ನೀರು ಎರೆಯುತ್ತಿದ್ದರು. ಅವರಿಗೆ ಕಣ್ಣು ಮಂಜು. ಎಲ್ಲವನ್ನೂ ಬೆರಳಲ್ಲಿ ನೋಡುತ್ತಾರೆ. ಕಡಗ ಬಿಗಿಯಾಗುತ್ತಿದೆ, ತುದಿ ಚುಚ್ಚುತ್ತದೆ ಎಂದರು.

"ತಂತಿ ಬಿಚ್ಚುಮುಂದ ಸೊಟ್ಟಾಗೇತಿ ಅತ್ತಿ" ಎಂದೆ ನಾನು.

"ತಂತಿ? ಯಾವ ತಂತಿ?"

ತೆಗೆದಿಟ್ಟಿದ್ದ ತಂತಿಯ ಚೂರನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಬೆರಳ ನಡುವೆ ಹೊರಳಿಸಿದರು. ಎರೆಯುವುದು ನಿಂತಿತು.

"ಕಡಗಕ್ಕ ಯಾರ ತಂತಿ ಬಿಗೀತಾರವಾ? ಕೈ ಬೆಳದಂಗ ಅಗಲ ಮಾಡಾಕಂತನ ಬಾಯಿ ತೆರದು ಮಾಡಿಸಿರ್ತಾರ. ಇನ್ನ ಬೆಳಿಯೂದಿಲ್ಲ ಅಂದ್ರಷ್ಟ ಬಿಗಿಯೂದು. ಕಳಚಿ ಹೋಗಬಾರ್ದು ಅಂತ." ತಂತಿಯನ್ನು ನನ್ನ ಕೈಗೆ ಮರಳಿಸುತ್ತ ಕೇಳಿದರು: "ಎಲ್ಲಿ ಸಿಕ್ತು ಅಂದಿ?"

"ಹಿತ್ತಲ ಗ್ವಾಡಿ ಬುಡಕ."

"ನಮ್ಮಮ್ಮನ ಅಮ್ಮ ಹೇಳತಿದ್ಲು. ಹಲ್ಲ ಬರೋಕಿಂತ ಮೊದಲ ಹ್ವಾದ ಕೂಸನ್ನ ದೂರ ಒಯ್ಯತಿದ್ದಿಲ್ಲಂತ. ಹಾಲು ಕೇಳ್ತಾವು, ದೂರ ಹಾಕಿದ್ರ ಹೆಂಗ ಬರ್ಬೇಕು ಅಂತ ಹಿತ್ತಲದಾಗ ಇಡತಿದ್ರಂತ." ಅವರು ಮಗಳ ಬಾಯಿಗೆ ಬೆರಳಿಟ್ಟು ಒಸಡು ಸವರಿ ನೋಡಿದರು. ಹತ್ತು ತಿಂಗಳಾಗಿದೆ, ಅವಳಿಗಿನ್ನೂ ಹಲ್ಲು ಬಂದಿಲ್ಲ. "ಔಡಲೆಣ್ಣಿ ತಾ" ಅಂದರು.

ಎಣ್ಣೆ ಹಚ್ಚಿ ಕಡಗ ತೆಗೆಯುವಾಗ ಮಗಳು ಅತ್ತ ಅಳುವನ್ನು ನಾನು ಮೊದಲೆಂದೂ ಕೇಳಿರಲಿಲ್ಲ. ನೋವಿನ ಅಳುವಲ್ಲ ಅದು, ಕೈಯಲ್ಲಿದ್ದುದನ್ನು ಕಿತ್ತುಕೊಂಡಾಗಿನ ಅಳು. ಮಣಿಕಟ್ಟಿನ ಸುತ್ತ ಕೆಂಪು ಗೆರೆ ಉಳಿಯಿತು. ಇವತ್ತಿಗೂ ಹೋಗಿಲ್ಲ.

ಹಾಗಾಗಿ, ಅವ್ವಾ, ನನಗೆ ಎಲ್ಲವೂ ತಡವಾಗಿ ತಿಳಿಯಿತು. ನೀರು ಬರುತ್ತದೆ, ಊರು ಬಿಡಿ ಎಂದಾಗ ನೀವು ಜಂತಿ ಎಣಿಸಿ ಟ್ರ್ಯಾಕ್ಟರಿಗೆ ಹೇರಿದಿರಿ. ಹಿತ್ತಲಿಗೆ ಒಬ್ಬರೇ ಹೋಗಿ ಬಂದಿರಬೇಕು. ಮನೆಯವರು ಅವಸರ ಮಾಡಿರಬೇಕು. ನೀವು ಇನ್ನೆಂದೂ ಕಳಚದಂತೆ ಕಟ್ಟಿದ ಗಂಟನ್ನು ನಾನು ಚಮಚೆಯಲ್ಲಿ ಬಿಚ್ಚಿದೆ. ನಿಮ್ಮ ಕೂಸಿನ ಪಕ್ಕದಲ್ಲಿ ಕೂತು, ಅದಕ್ಕೆ ಕೇಳಿಸುವಂತೆ, ನನ್ನ ಕೂಸಿಗೆ ಹಾಲೂಡಿದೆ.

ಇವತ್ತು ನಸುಕಿಗೆ ಮೂವರೂ ಹೋದೆವು. ನಾಡಿದ್ದು ನೀರು ಬಿಡುತ್ತಾರೆ. ನಿಮ್ಮ ಓಣಿಯ ತುದಿಯವರೆಗೆ ಆಗಲೇ ಹಸಿ ಏರಿತ್ತು. ಮಗಳನ್ನು ಅತ್ತೆಯ ಬಳಿ ಬಿಟ್ಟಿದ್ದೆ. ತುದಿಗಳನ್ನು ಮೊದಲಿನಂತೆ ಒತ್ತಿ ತಂತಿ ಸುತ್ತಲು ಕೂತರೆ ಬೆರಳು ಏಳಲಿಲ್ಲ. ಅದೊಂದನ್ನು ಮಾಡುವ ಬಲ ನಿಮಗೆ ಎಲ್ಲಿಂದ ಬಂತೋ. ಕೊನೆಗೆ ಮಾಬೂಬಿ ಅದನ್ನು ಇಸಿದುಕೊಂಡು, ಆಚೆ ತಿರುಗಿ, ಸುತ್ತಿಕೊಟ್ಟಳು. ಅಳುತ್ತಿದ್ದಳೆಂದು ಬೆನ್ನು ನೋಡಿ ತಿಳಿಯಿತು. ಅಗೆದ ಕಡೆಯೇ ಅಗೆದು, ಇನ್ನೂ ಒಂದು ಗೇಣು ಆಳಕ್ಕೆ ಇಟ್ಟು ಮುಚ್ಚಿದೆ.

ಮುಚ್ಚಿದ ಮೇಲೆ ಮಾಬೂಬಿ ಕೋಲನ್ನು ಅದರ ಮೇಲೆ ಆಡಿಸಿದಳು. ತೆಳ್ಳನೆಯ ದನಿ ಮತ್ತೆ ಎದ್ದಿತು.

"ಹೆಂಗ ಮಾಡೂದ ಶಾಕಾ? ಮುಂದಿನ ಬಯಲಿಗೆ ಮತ್ತೊಬ್ಬಾಕಿ ಬಂದು ತಗೀತಾಳ. ತನ್ನ ಕೂಸಿಗೆ ಹಾಕ್ತಾಳ."

ನನ್ನ ಹೆಸರು ಶಾಕಾಂಬರಿ, ಇದನ್ನು ಮೊದಲೇ ಹೇಳಬೇಕಿತ್ತು. ಮಾಬೂಬಿಯ ಮಾತು ಕೇಳಿ ಫಕೀರಪ್ಪಣ್ಣ ತನ್ನ ಗಾಡಿಯ ಕಡೆ ನಡೆದ. ಮನೆಯಿಂದಲೇ ಹೇರಿಕೊಂಡು ಬಂದಿದ್ದ ಗೋಣಿಚೀಲವೊಂದನ್ನು ಎಳೆದುಕೊಂಡು ಬಂದ. ಮೂವತ್ತು ವರ್ಷಗಳಿಂದ ನಿಮ್ಮೂರಿನ ಬಾಗಿಲು, ಕಿಟಕಿ, ಗಾಡಿಗಳಿಂದ ಉದುರಿದ ತುಕ್ಕು ಮೊಳೆಗಳನ್ನು ಅವನು ಅದರಲ್ಲಿ ಒಟ್ಟುಹಾಕುತ್ತಿದ್ದಾನೆ. ನಮ್ಮಲ್ಲಿ ಕಬ್ಬಿಣ ಸುಲಭವಾಗಿ ಸಿಗುವುದಿಲ್ಲ. ಕರಗಿಸಿ ಕಪಾಟಿಗೆ ಜಾಲರಿ ಬಾಗಿಲು ಮಾಡಿಸಬೇಕೆಂಬುದು ಅವನ ಆಸೆಯಾಗಿತ್ತು.

"ಕುರುಡು ನೆಲ ಮಾಡೂಣು" ಅಂದ.

ಮೊಳೆಗಳು ಹೆಚ್ಚಾಗಿ ಚೆಲ್ಲಿರುವ ಜಾಗಕ್ಕೆ ನಮ್ಮ ಕಸುಬಿನಲ್ಲಿ ಹಾಗೆನ್ನುತ್ತಾರೆ. ಅಲ್ಲಿ ಕೋಲು ಬರೀ ಕೆಮ್ಮುತ್ತದೆ; ಆ ಕೆಮ್ಮಿನ ಅಡಿಯಲ್ಲಿ ಬೆಳ್ಳಿ ಹಾಡಿದರೂ ಯಾರಿಗೂ ಕೇಳುವುದಿಲ್ಲ. ಬಂದವರು ಬೈದುಕೊಂಡು ಮುಂದೆ ಹೋಗುತ್ತಾರೆ.

"ಒಂದು ಮೊಳಿ ಕೇಳಿದ್ರ ಜೀವ ಕೊಟ್ಟಂಗ ಮಾಡತಿದ್ಯಲ್ಲೊ ಮುದುಕಾ" ಎಂದಳು ಮಾಬೂಬಿ.

"ಸುಮ್ಮ ಹರವಬೇ. ಮಾತಾಡಬ್ಯಾಡ."

ಮೂವರೂ ಮೊಣಕಾಲೂರಿ ಬಿತ್ತಿದಂತೆ ಮೊಳೆ ಹರವಿದೆವು, ಮಣ್ಣು ಎಳೆದೆವು, ಮತ್ತೆ ಹರವಿದೆವು. ಆಮೇಲೆ ನಾನೇ ಕೋಲು ಆಡಿಸಿದೆ. ಕೆಮ್ಮು, ಬರೀ ಕೆಮ್ಮು. ಈಗ ಆ ಜಾಗ ನನಗೂ ಸಿಗುವುದಿಲ್ಲ.

ಈ ಕಾಗದ ಇಲ್ಲಿಗೆ ಮುಗಿಯಬೇಕಿತ್ತು. ನನ್ನಿಂದಾದದ್ದನ್ನು ಆದಷ್ಟು ಸರಿಮಾಡಿದ್ದೇನೆ. ಕ್ಷಮಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಮನೆಗೆ ಬಂದು ನೋಡಿದರೆ ಮಗಳು ಮಲಗಿದ್ದಾಳೆ, ಕೆಂಪು ಗೆರೆಯ ಕೈ ಹಾಸಿಗೆಯಾಚೆ ಚಾಚಿದೆ. ನಾನು ಅವಳ ಹೊಟ್ಟೆ ಏರಿಳಿಯುವುದನ್ನು ನೋಡುತ್ತ ಕೂತಿದ್ದೇನೆ. ಕಡಗ ಅವಳಿಗೆ ಅಷ್ಟು ಸರಿಯಾಗಿ ಕೂತಿತ್ತಲ್ಲ, ಅದನ್ನು ತಲೆಯಿಂದ ತೆಗೆಯಲಾಗುತ್ತಿಲ್ಲ.

ಒಂದು ಬೇಡಿಕೆ ಇದೆ. ನಿಮ್ಮ ಕಾಲದಲ್ಲೂ ಬೇಸಿಗೆಗೆ ನೀರು ಇಳಿದು ಕಡ್ಲಿಗೇರಿ ಕಾಣುತ್ತದೆಂದು ಓದಿದ್ದೇನೆ. ಒಂದು ಸಲ ಹೋಗಿ. ತಾಮ್ರದ ತಗಡಿನ ಮೇಲೆ ಮೊಳೆಯಿಂದ ಎರಡು ಅಂಕಿ ಕೊರೆದು, ನಿಮ್ಮ ಮುಂಬಾಗಿಲ ಹೊಸ್ತಿಲ ಕೆಳಗೆ ಇಟ್ಟುಬನ್ನಿ. ಹೆಸರು ಬೇಡ. ಕೂಸು ಹೇಗೆ ಹೋಯಿತೆಂದೂ ಕೇಳುವುದಿಲ್ಲ. ಹೋಗುವಾಗ ಅದಕ್ಕೆ ಎಷ್ಟು ತಿಂಗಳಾಗಿತ್ತು, ಅದರ ಮೇಲೆ ಎಷ್ಟು ದಿನ, ಅಷ್ಟೇ ಬರೆಯಿರಿ. ಆ ದಿನವನ್ನು ನನ್ನ ಮಗಳು ದಾಟುವವರೆಗೆ ಎಚ್ಚರವಿದ್ದು, ಆಮೇಲೆ ನಾನೂ ಮಲಗುತ್ತೇನೆ.

ಈ ಬೇಡಿಕೆ ಅಲ್ಲೇ ಮನಸ್ಸಿಗೆ ಬಂದಿತ್ತು; ಇವತ್ತು ನಿಮ್ಮ ಮನೆಯಿಂದ ಹೊರಡುವ ಮುಂಚೆ ಆ ಹೊಸ್ತಿಲ ಮೇಲೆ ಕೋಲು ಆಡಿಸಿ ನೋಡಿದೆ. ತಾಮ್ರದ ದುಂಡನೆಯ ದನಿ ಕೇಳಲಿಲ್ಲ. ನೀವು ಇನ್ನೂ ಹೋಗಿಲ್ಲದಿರಬಹುದು.