ಅಪ್ಪನ ಮಂಡಿ, ಅಪ್ಪನ ದವಡೆ

ಅಪ್ಪಾ,

ನಿನ್ನನ್ನು ಹೂತು ಮೂರು ವರ್ಷ ತುಂಬಿತು. ಎಲುಬು ತೊಳೆದು ಮತ್ತೆ ಹೂಳುವ ನಮ್ಮ ಪದ್ಧತಿಯಂತೆ ಇವತ್ತು ಬಿಸಿಲೇರುವ ಮೊದಲೇ ಹೊರಗೆ ತೆಗೆದೆವು. ಚಕ್ರಮೊಗ್ಗು ಕುದಿಸಿದ ನೀರಿನಲ್ಲಿ ನಿನ್ನ ಎಲುಬುಗಳನ್ನು ನಾನೇ ತೊಳೆದೆ.

"ಅಕ್ಕಾ, ಅದು ಗಂಡುಮಕ್ಕಳ ಕೆಲ್ಸ" ಎಂದು ತಮ್ಮ ಖೋವಾತ್ ಮೂಗು ಮುಚ್ಚಿಕೊಂಡೇ ಗೊಣಗಿದ.

"ಬದುಕಿದ್ದಾಗ ನನ್ನ ಕೈಗೆ ಸಿಗ್ಲಿಲ್ಲ. ಇವತ್ತು ಎಲ್ಲಿಗೆ ಓಡ್ತಾನೆ, ನೋಡೇಬಿಡ್ತೀನಿ" ಎಂದೆ.

ಎಲುಬು ಜೋಡಿಸುವ ತ್ವಾನ್ ಮಾವ ನಿನ್ನನ್ನು ತಲೆಯಿಂದ ಶುರುಮಾಡಿ ಮಣ್ಣಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಡುತ್ತ ಬಂದವರು ಮಂಡಿಯ ಹತ್ತಿರ ನಿಂತರು. ತೊಡೆಯೆಲುಬಿನ ತುದಿ ಪಿಂಗಾಣಿ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು.

"ನೋಡಮ್ಮ, ನಡುವಿನ ಮೆತ್ತೆ ಸವೆದು ಎಲುಬಿಗೆ ಎಲುಬೇ ತಿಕ್ಕಿದೆ. ಈ ಕಾಲಲ್ಲಿ ಮೆಟ್ಟಿಲು ಹತ್ತೋದಾ? ಜೀವ ಹೋಗ್ತಿತ್ತು."

ಗಂಡನನ್ನು ಬಿಟ್ಟು ಬಂದು ನಾನು ನಾಮ್ ದಿನ್ ಪೇಟೆಯ ಮಹಡಿಯ ಮೇಲೆ ಶಾವಿಗೆ ಸಾರಿನ ಅಂಗಡಿ ಇಟ್ಟಾಗ ನೀನು, "ಮಂಡಿ ನೋವು, ಹತ್ತೋಕಾಗಲ್ಲ" ಎಂದು ಹೇಳಿ ಕಳಿಸಿದ್ದೆ. ಒಳ್ಳೆಯ ನೆಪ ಹುಡುಕಿದ್ದೀಯ ಎಂದು ನಾನು ಅಂದುಕೊಂಡಿದ್ದೆ.

ಆಗ ಖೋವಾತ್ ಬಾಯಿಬಿಟ್ಟ: "ಸಂತೆಗೆ ಬಂದಾಗಲೆಲ್ಲ ಅಪ್ಪ ನಿನ್ನ ಮೆಟ್ಟಿಲ ಬುಡದಲ್ಲಿ ಸ್ವಲ್ಪ ಹೊತ್ತು ನಿಂತು ಹೋಗ್ತಿದ್ದ."

ಗೆದ್ದೆ ಎಂದು ಬೀಗಬೇಡ. ಲೆಕ್ಕವನ್ನು ಅರ್ಧಕ್ಕೆ ಬಿಡುವವಳಲ್ಲ ನಾನು. ನಿನ್ನ ದವಡೆಯನ್ನೂ ತೊಳೆದು, ತಿರುಗಿಸಿ ನೋಡಿದ್ದೇನೆ. ಅದರ ಕೀಲು ಎರಡೂ ಕಡೆ ಸರಿಯಾಗಿಯೇ ಇತ್ತು. ಕೆಳಗೆ ನಿಂತು ಒಂದು ಸಲ "ಲುವಾ" ಎಂದು ನನ್ನ ಹೆಸರು ಹಿಡಿದು ಕೂಗಬಹುದಿತ್ತು.

ನನ್ನ ಮಂಡಿಗಳು ಗಟ್ಟಿಯಾಗಿದ್ದವು, ಅಪ್ಪಾ. ಇಳಿದು ಬರುತ್ತಿದ್ದೆ.